ಇಳಿಯಲೊಲ್ಲದ ಗುಢಿ

ಆ ಕೊಡ ಯಾರ ತಲೆಯ ಮೇಲೆ ಬಿತ್ತು, ಅಥವಾ ಯಾರ ತಲೆಯ ಮೇಲಾದರೂ ಬಿತ್ತೇ ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಸಂಜೆ ನಾನು ಅಲ್ಲಿಯೇ ಅಂಗಳದ ಕಟ್ಟೆಯ ಮೇಲೆ ನಿಂತಿದ್ದೆ. ಕಣ್ಣು ತೆರೆದೇ ಇದ್ದವೆಂದು ನಂಬಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಈ ಕಥೆಯನ್ನು ಎಷ್ಟು ಜನ ಎಷ್ಟು ರುಚಿಗಟ್ಟಿ ಹೇಳಿದ್ದಾರೆಂದರೆ, ನಾನು ಕಂಡದ್ದು ಯಾವುದು, ಊಟದ ಪಂಕ್ತಿಯಲ್ಲಿ ಕೇಳಿದ್ದು ಯಾವುದು ಎಂದು ಈಗ ಬೇರ್ಪಡಿಸಲು ಬರುವುದಿಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ್ದರಿಂದ ನನಗಾದ ಲಾಭ ಇಷ್ಟೇ: ಉಳಿದವರು ತಮ್ಮ ನೆನಪನ್ನು ನಂಬಿ ಸುಖವಾಗಿರುತ್ತಾರೆ; ನಾನು ನನ್ನ ನೆನಪನ್ನು ಕಟಕಟೆಗೆ ಹತ್ತಿಸಿ ಪಾಟೀಸವಾಲು ಹಾಕುತ್ತ ಕೂಡುತ್ತೇನೆ.

ಕೊಳವೆ ಇದ್ದದ್ದಂತೂ ನಿಜ. ಅದರ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ.

ಅಣ್ಣನಿಗೆ ಪುಣೆಯ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿ ನಾವು ಧಾರವಾಡ ಬಿಟ್ಟು ಬಂದಾಗ ಮೊದಲು ಪೇಟೆಯ ಒಂದು ವಾಡೆಯಲ್ಲಿ ಎರಡು ಕೋಣೆ ಹಿಡಿದಿದ್ದೆವು. ಅಲ್ಲಿ ಅಂಗಳವೆಂದರೆ ಹದಿನಾರು ಸಂಸಾರಗಳ ನಡುವಿನ ಒಂದು ನಳ. ಹೊಳೆಯ ಆಚೆ ಹೊಸ ಮನೆಗಳೆದ್ದಾಗ ಅಣ್ಣ ಒಂದು ಪುಟ್ಟ ಮನೆಯನ್ನು ಬಾಡಿಗೆಗೆ ಹಿಡಿದ. ಅದಕ್ಕೆ ಮುಂದೊಂದು ಅಂಗಳವಿತ್ತು. ವೈನಿ, ಅಂದರೆ ನಮ್ಮ ಅತ್ತಿಗೆ, ಆ ಅಂಗಳವನ್ನು ಕಂಡ ದಿನ ಮನೆಯೊಳಗೆ ಹೋಗಿ ಅಡಿಗೆಮನೆ ನೋಡುವುದನ್ನೇ ಮರೆತಳು. ಇಲ್ಲಿ ತುಳಸಿ, ಇಲ್ಲಿ ಮಲ್ಲಿಗೆ, ಇಲ್ಲಿ ರಂಗೋಲಿ ಎಂದು ಗಾಳಿಯಲ್ಲಿ ಬೆರಳಾಡಿಸುತ್ತ ನಿಂತಿದ್ದಳು.

ನಾವು ಹೋಗಿ ನೆಲೆಸಿದ ಕೆಲವು ದಿನಗಳಿಗೇ ಮುನಸಿಪಾಲಿಟಿಯ ಆಳುಗಳು ಬಂದು ಗೇಟಿನ ಒಳಗೆ, ತಲೆಬಾಗಿಲಿಗೆ ನೇರವಾಗಿ, ಒಂದು ಬೀಡುಕಬ್ಬಿಣದ ಕೊಳವೆ ನೆಟ್ಟರು. ಎರಡಾಳೆತ್ತರ, ಮೇಲೆ ತೆರೆದ ಬಾಯಿ. ನಮ್ಮ ಓಣಿಯ ನೆಲದಡಿಯ ಗಟಾರ ಅಲ್ಲಿಗೆ ಮುಗಿಯುತ್ತಿತ್ತು. ಅದರ ಹೊಲಸು ಗಾಳಿ ಹೊರಹೋಗಲು ಆ ಕೊಳವೆ. "ಗಟಾರಕ್ಕೂ ಉಸಿರು ಬೇಕಲ್ಲ, ಸಾಹೇಬ" ಎಂದು ಆಳುಗಳ ಮುಖ್ಯಸ್ಥ ಮುಕಾದಮ ಮರಾಠಿಯಲ್ಲಿ ಹೇಳಿದ. ಇಷ್ಟು ಸಾತ್ತ್ವಿಕವಾದ ಮಾತಿಗೆ ಅಣ್ಣ ಆಳುಗಳಿಗೆಲ್ಲ ಚಹಾ ಕೊಡಿಸಿದ. ಅಂದಿನಿಂದ ಪಡಸಾಲೆಯ ತೂಗುಮಂಚದ ಮೇಲೆ ಕುಳಿತವರಿಗೆಲ್ಲ ಬಾಗಿಲ ಚೌಕಟ್ಟಿನಲ್ಲಿ, ಪೂರ್ವಜರ ಪಟದ ಹಾಗೆ, ಆ ಕೊಳವೆಯೇ ಕಾಣುತ್ತಿತ್ತು.

ಅದೊಂದು ಕೊಳವೆಯಾಗಿಯೇ ಉಳಿಯುತ್ತಿತ್ತೋ ಏನೋ, ನಮ್ಮ ಮನೆಯಲ್ಲಿ ಶಾರದಾ ಇರದಿದ್ದರೆ. ಶಾರದಾ ನಮ್ಮ ತಂಗಿ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ವೈನಿ. ಅವಳ ಮದುವೆ ವೈನಿಯ ಹೊಣೆ, ಹಟ, ಹರಕೆ ಎಲ್ಲ. ಸೊಲ್ಲಾಪುರದಿಂದ ಕನ್ಯೆ ನೋಡಲು ಬಂದವರಲ್ಲಿ ಹಿರಿಯರೊಬ್ಬರು ಟಾಂಗಾದಿಂದ ಇಳಿದು, ಕೊಳವೆಯನ್ನು ಬುಡದಿಂದ ತುದಿಯವರೆಗೆ ನೋಡಿ, ಶಲ್ಯದ ಸೆರಗನ್ನು ಮೂಗಿಗೆ ಹಿಡಿದವರು ತಿರುಗಿ ಟಾಂಗಾ ಹತ್ತುವವರೆಗೂ ಕೆಳಗಿಳಿಸಲಿಲ್ಲ. ಆಮೇಲೆ, ಕೂಡಿಬಂದಿದ್ದ ಜಾತಕ ಕೂಡಿಬರಲಿಲ್ಲವೆಂದು ಹೇಳಿ ಕಳಿಸಿದರು.

"ಜಾತಕ ಅಲ್ಲ, ಕೊಳವಿ ಅಡ್ಡ ಬಂತು" ಎಂದಳು ವೈನಿ.

ಅದೇ ದಿನ ಅಣ್ಣ ಬೀಗರಾಗಬೇಕಾದವರ ಮುಂದೆ ತನ್ನ ಅಜೀರ್ಣದ ಬಗ್ಗೆ ಬಹಳ ಹೊತ್ತು ಮಾತಾಡಿದ್ದ. ಎರಡು ಕಾರಣಗಳಿರುವಾಗ ಒಂದನ್ನೇ ಹಿಡಿಯಬಾರದೆಂದು ನಾನು ತೋರಿಸಿಕೊಟ್ಟೆ. ಆ ದಿನ ನನಗೆ ಎರಡನೆಯ ಸಲ ಸಾರು ಬಡಿಸಲಿಲ್ಲ.

ಶಾರದಾಳಿಗೆ ಇದಾವುದೂ ತಾಗಿದಂತೆ ಕಾಣಲಿಲ್ಲ. "ಕೊಳವಿ ನೋಡಿ ಬ್ಯಾಡ ಅನ್ನೋವ್ರು ನನಗೂ ಬ್ಯಾಡ" ಎಂದಳು.

"ಹಂಗಾರ ಎಂಥಾವ್ರು ಬೇಕ ನಮ್ಮವ್ವಾ?" ಎಂದು ವೈನಿ ಸಿಟ್ಟಿನಿಂದ ಕೇಳಿದಳು.

"ನಗೋವ್ರಿರಬೇಕು."

ವೈನಿಗೆ ಇದು ಉತ್ತರವೆನಿಸಲಿಲ್ಲ. ಪಗಾರ, ಗೋತ್ರ, ಹೊಲಮನೆ ವಿಚಾರಿಸಬಹುದು. ನಗುವನ್ನು ಯಾರ ಹತ್ತಿರ ವಿಚಾರಿಸುವುದು? ಆದ್ದರಿಂದ ಅವಳು ತನ್ನ ಕೈಯಲ್ಲಾಗುವ ಕೆಲಸಕ್ಕೆ ಹತ್ತಿದಳು. ಕೊಳವೆಯನ್ನು ಅಂಗಳದಿಂದ ಮಾಯ ಮಾಡುವುದೆಂದು ನಿರ್ಧರಿಸಿದಳು.

ಮೊದಲ ಪ್ರಯತ್ನ ಅಣ್ಣನದು. ಗಿಡಗಳ ನಡುವೆ ಬೆರೆತುಹೋಗಲಿ ಎಂದು ಅವನು ಕೊಳವೆಗೆ ಹಸಿರು ಬಣ್ಣ ಬಳಿದ. ನಮ್ಮ ಅಂಗಳದಲ್ಲಿ ಗಿಡಗಳಿನ್ನೂ ಇರಲಿಲ್ಲವೆಂಬುದು ಬಣ್ಣ ಒಣಗಿದ ಮೇಲೆ ಅವನ ಗಮನಕ್ಕೆ ಬಂತು. ಮೊದಲು ಓಣಿಯ ತುದಿಯವರೆಗೆ ಕಾಣುತ್ತಿದ್ದ ಕೊಳವೆ ಈಗ ಹೊಳೆಯ ಸೇತುವೆಯಿಂದಲೇ ಕಾಣತೊಡಗಿತು.

ಆಮೇಲೆ ಬಳ್ಳಿಗಳ ಕಾಲ ಬಂತು. ಅಣ್ಣನ ಕಚೇರಿಯ ಗೆಳೆಯರೊಬ್ಬರು ಘಟ್ಟದ ಮೇಲಿನ ಲೋಣಾವಳೆಯಿಂದ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಯಾವುದೋ ಬಳ್ಳಿಯ ತುಂಡುಗಳನ್ನು ತಂದುಕೊಟ್ಟರು. ಅಲ್ಲಿ ಅದು ಬಂಡೆಯನ್ನೂ ಬಿಡದೆ ಹಬ್ಬುತ್ತದಂತೆ. ಆದರೆ ಅಲ್ಲಿಯ ಬಂಡೆಗೆ ಮಂಜು, ಇಲ್ಲಿಯ ಕಬ್ಬಿಣಕ್ಕೆ ಬಿಸಿಲು. ನಮ್ಮ ಕೊಳವೆ ಮಧ್ಯಾಹ್ನ ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು. ಬಳ್ಳಿಯ ಕುಡಿ ಅದನ್ನು ಒಮ್ಮೆ ಮುಟ್ಟಿ, ಬೆರಳು ಸುಟ್ಟುಕೊಂಡವರ ಹಾಗೆ ಹಿಂದೆ ಸರಿದು, ಅತ್ತ ತಿರುಗಿ ಪಕ್ಕದ ಮನೆಯ ಗೋದಾಬಾಯಿಯವರ ಬೇಲಿಯನ್ನು ಹಿಡಿಯಿತು. ಮಳೆಗಾಲದಲ್ಲಿ ಹೀರೆಯ ಬಳ್ಳಿ ಮಾತ್ರ ಏರಿತು, ಹೂ ಬಿಟ್ಟಿತು, ಕೈ ತುಂಬ ಕಾಯಿ ಕೂಡ ಬಿಟ್ಟಿತು. ಗಟಾರದ ಕೊಳವೆಯ ಹೀರೆಕಾಯಿ ತಿನ್ನುವವರು ಯಾರು? ನಾವು ಗೋದಾಬಾಯಿಗೆ ಕೊಡಲು ಹೋದೆವು. ಅವರು ನಮಗಿಂತ ಮೊದಲೇ ಅವು ಎಲ್ಲಿ ಬೆಳೆದವೆಂದು ನೋಡಿದ್ದರು. ಹೀಗಾಗಿ ಕಾಯಿಗಳು ಅಲ್ಲಿಯೇ ಬಲಿತು, ಒಣಗಿ, ಗಾಳಿ ಬೀಸಿದಾಗಲೆಲ್ಲ ಗಿಲಿಕೆಯಂತೆ ಸಪ್ಪಳ ಮಾಡುತ್ತ, ನೋಡದವರೂ ತಲೆಯೆತ್ತಿ ನೋಡುವಂತೆ ಮಾಡಿದವು.

ಆಗ ನಾನೂ ಒಂದು ಸಲಹೆ ಕೊಟ್ಟೆ. ಕ್ಯಾಂಪಿನ ಕಡೆ ಸಾಹೇಬರ ಬಂಗಲೆಗಳನ್ನು ನೋಡಿದ್ದೆ. ಅವರು ಅಡಿಗೆಮನೆ ಕಾಣಬಾರದೆಂದು ಒಂದು ಬೇಲಿ, ಬಾವಿ ಕಾಣಬಾರದೆಂದು ಒಂದು ಬೇಲಿ, ಆಳುಗಳ ಮನೆ ಕಾಣಬಾರದೆಂದು ಮತ್ತೊಂದು ಬೇಲಿ ಬೆಳೆಸಿ, ಕೊನೆಗೆ ವರಾಂಡದಲ್ಲಿ ಕುಳಿತು ಬೇಲಿಗಳನ್ನು ನೋಡುತ್ತಾರೆ. ಬೇಲಿ ಬೆಳೆಸಲು ನಮಗೆ ಸಮಯವಿರಲಿಲ್ಲ. ಬಿದಿರಿನ ತಟ್ಟಿಯಾದರೂ ಕಟ್ಟೋಣವೆಂದೆ. ಕೊಳವೆಯ ಸುತ್ತ ನಾಲ್ಕು ಕಡೆ ಆಳೆತ್ತರ ತಟ್ಟಿ ಎದ್ದಿತು. ಮರುದಿನ ಅಂಚೆಯವನು ಗೇಟಿನ ಹತ್ತಿರ ಬಂದು, ಮುಖ ಆಚೆ ತಿರುಗಿಸಿ, ಗಟ್ಟಿಯಾಗಿ ಕೆಮ್ಮಿದ. ಧಾರವಾಡದಿಂದ ಬಂದಿದ್ದ ನಮ್ಮ ಸೋದರಮಾವನಂತೂ ಗೇಟಿನಲ್ಲಿಯೇ ನಿಂತು, "ಒಳಗ ಯಾರರ ಅದಾರೇನ್ರಿ? ಸ್ನಾನ ಆಗಲಿ, ಆಗಲಿ, ನನಗೇನ ಅವಸರಿಲ್ಲ" ಎಂದು ತಟ್ಟಿಗೆ ಬೆನ್ನು ಮಾಡಿ ಬಹಳ ಹೊತ್ತು ಕಾದಿದ್ದ. ಮನೆಯ ಮುಂಭಾಗದಲ್ಲಿ ಸ್ನಾನದ ತಟ್ಟಿ ಕಟ್ಟಿದವರೆಂಬ ಹೆಸರು ಗಟಾರದ ಹೆಸರಿಗಿಂತ ಒಳ್ಳೆಯದೇನಲ್ಲ. ತಟ್ಟಿಯನ್ನು ಬಿಚ್ಚಿದೆವು.

ಈ ಹೊತ್ತಿಗೆ ಬೆಳಗಾವಿಯ ರಂಗೂಬಾಯಿಯವರ ಮನೆತನದಿಂದ ಮಾತು ಬಂತು. ಮಗ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ, ಒಬ್ಬನೇ ಮಗ. ತಾಯಿ ಮಾತ್ರ ಭಾರೀ ಚಿಕಿತ್ಸಕಿ, ಎಲ್ಲದರಲ್ಲಿಯೂ ಕೊರತೆ ಹುಡುಕುವವರು. ಒಂದು ಮನೆಯ ಮುಂದೆ ಒಗೆದ ಬಟ್ಟೆ ನೇತಾಡುತ್ತಿದ್ದುದನ್ನು ಕಂಡು ಒಳಗೆ ಕಾಲಿಡದೆ ಹೋಗಿದ್ದರೆಂದು ಸುದ್ದಿ. ಯುಗಾದಿಯ ದಿನ ಮುಹೂರ್ತ ನೋಡಬೇಕಾಗಿಲ್ಲ, ಶಾಲೆಗೂ ಕಚೇರಿಗೂ ರಜೆ, ಅಂದೇ ಬರುತ್ತೇವೆಂದರು. ವೈನಿ ಆ ವಾರ ಸರಿಯಾಗಿ ಉಣ್ಣಲಿಲ್ಲ. ಅಂಗಳದಲ್ಲಿ ನಿಂತು ಕೊಳವೆಯನ್ನು ನೋಡುತ್ತಿದ್ದ ಅವಳ ಮುಖ ಕಂಡು ನಾನೂ ಚೇಷ್ಟೆ ಬಿಟ್ಟೆ. ಈ ಸಂಬಂಧವೂ ಗೇಟಿನಿಂದಲೇ ತಿರುಗಿಹೋದರೆ ಅವಳು ಮತ್ತೆ ಏಳುವುದು ಕಷ್ಟವಿತ್ತು.

ಬೇಲಿಯ ಆಚೆಯಿಂದ ಗೋದಾಬಾಯಿ ಹಾದಿ ತೋರಿಸಿದರು. "ಅಹೋ ವಹಿನೀ, ಪಾಡವಾ ಆಹೇ ನಾ? ತ್ಯಾಚೀಚ ಗುಢೀ ಉಭಾರಾ!"

ನಮ್ಮ ಯುಗಾದಿಯೇ ಅಲ್ಲಿಯ ಪಾಡವಾ. ಅಂದು ಪುಣೆಯಲ್ಲಿ ಮನೆಮನೆಯ ಮುಂದೆ ಗುಢಿ ಏರಿಸುತ್ತಾರೆ: ಉದ್ದ ಬಿದಿರಿನ ಕೋಲಿಗೆ ರೇಷ್ಮೆಯ ವಸ್ತ್ರ, ಬೇವಿನ ಟೊಂಗೆ, ಸಕ್ಕರೆಯ ಸರ, ಮೇಲೆ ಬೋರಲು ಹಾಕಿದ ತಂಬಿಗೆ. ಇಡೀ ಓಣಿಯೇ ಕೋಲು ನಿಲ್ಲಿಸಿಕೊಂಡ ದಿನ ನಮ್ಮ ಅಂಗಳದ ಕೋಲನ್ನು ಯಾರು ಕೇಳುತ್ತಾರೆ? ಕೊಳವೆಗೇ ಸೀರೆ ಉಡಿಸಿ ಗುಢಿ ಮಾಡಿಬಿಡಿ ಎಂದು ಗೋದಾಬಾಯಿಯವರ ಮಾತಿನ ಅರ್ಥ. ವೈನಿ ಬೇಲಿಯ ಮೇಲಿಂದಲೇ ಅವರ ಕೈ ಹಿಡಿದುಕೊಂಡಳು.

ನನಗೂ ಒಳಗೊಳಗೆ ಹಿಗ್ಗಾಯಿತೆಂದು ಹೇಳಬೇಕು. ನಮ್ಮ ನೈಯಾಯಿಕರು ಏನನ್ನು ಸಾಧಿಸಬೇಕಾದರೂ ಉದಾಹರಣೆಗೆ ಎತ್ತಿಕೊಳ್ಳುವುದು ಎರಡೇ ವಸ್ತು: ಘಟ ಮತ್ತು ಪಟ, ಗಡಿಗೆ ಮತ್ತು ಬಟ್ಟೆ. ಶತಮಾನಗಳಿಂದ ಅವರು ಗಡಿಗೆಯನ್ನೂ ಬಟ್ಟೆಯನ್ನೂ ತಿರುಗಾಮುರುಗಾ ಮಾಡಿ ನೋಡಿದ್ದಾರೆ; ಇವೆರಡನ್ನೂ ಗಟಾರದ ಕೊಳವೆಯ ಮೇಲೆ ಕೂಡಿಸಿದರೆ ಏನಾಗುತ್ತದೆಂದು ಒಬ್ಬರೂ ಯೋಚಿಸಲಿಲ್ಲ. ಆ ಕೆಲಸ ನಮ್ಮ ವೈನಿಗೆ ಉಳಿದಿತ್ತು.

ತಂಬಿಗೆ ಕೊಳವೆಯ ಬಾಯಿಗೆ ಸಾಲಲಿಲ್ಲ. ವೈನಿ ತನ್ನ ತವರಿನ ತಾಮ್ರದ ಕೊಡವನ್ನೇ ಹುಣಿಸೆಹಣ್ಣು ಹಚ್ಚಿ ಬೆಳಗಿ ತಂದಳು. ಅದು ಕೊಳವೆಯ ಮೇಲೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅಣ್ಣ ಏಣಿಯ ಮೇಲಿದ್ದ. ನಾನು ಏಣಿ ಹಿಡಿದಿದ್ದೆ. "ಬಾಯಿ ಮುಚ್ಚಿದರ ಗಾಳಿ ಎಲ್ಲಿ ಹೋಗಬೇಕು?" ಎಂದು ನಾನು ಆಗ ಕೇಳಿದೆನೆಂದು ನನ್ನ ನೆನಪು. ಆದರೆ ಇಷ್ಟು ಬುದ್ಧಿವಂತಿಕೆಯ ಮಾತನ್ನು ಸರಿಯಾದ ಹೊತ್ತಿಗೆ ಆಡಿದ ಉದಾಹರಣೆ ನನ್ನ ಜೀವನದಲ್ಲಿ ಮತ್ತೊಂದಿಲ್ಲ. ಆದ್ದರಿಂದ ಇದನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು.

ಕಬ್ಬಿಣದ ಮೇಲೆ ವೈನಿಯ ಹಸಿರು ರೇಷ್ಮೆ ಸೀರೆ ನೆರಿಗೆ ನೆರಿಗೆಯಾಗಿ ಇಳಿದಾಗ, ಸುಳ್ಳೇಕೆ ಹೇಳಲಿ, ಓಣಿಯಲ್ಲಿ ಅಷ್ಟು ಗಂಭೀರವಾದ ಗುಢಿ ಇನ್ನೊಂದಿರಲಿಲ್ಲ. ಉಳಿದವು ಗಾಳಿಗೆ ಬಾಗುತ್ತಿದ್ದವು. ನಮ್ಮದು ಅಲುಗಲಿಲ್ಲ.

ಮಧ್ಯಾಹ್ನಕ್ಕೆ ಬರಬೇಕಾದ ಬೀಗರು ಬರಲಿಲ್ಲ. ನಿಲ್ದಾಣದಿಂದ ಪೇಟೆಯ ತಮ್ಮ ನೆಂಟರ ಮನೆಗೆ ಹೋಗಿ ಹಬ್ಬದ ಶ್ರೀಖಂಡ ಪೂರಿ ಉಂಡಿದ್ದರು. ಶ್ರೀಖಂಡ ಉಂಡವರು ಎಚ್ಚರವಾಗಿರುವುದಕ್ಕೆ ಯಾವ ಶಾಸ್ತ್ರದಲ್ಲಿಯೂ ಪ್ರಮಾಣವಿಲ್ಲ. ಅವರು ಎದ್ದು ಮುಖ ತೊಳೆದು ಟಾಂಗಾ ಹಿಡಿಯುವಷ್ಟರಲ್ಲಿ ನಮ್ಮ ಓಣಿಯಲ್ಲಿ ಹೊತ್ತು ಇಳಿಯುತ್ತಿತ್ತು. ಆಗ ನಮಗೆ ತಿಳಿಯದಿದ್ದ ಒಂದು ಸಂಗತಿ ಕಣ್ಣ ಮುಂದೆಯೇ ನಡೆಯತೊಡಗಿತು. ಒಂದೊಂದೇ ಮನೆಯವರು ಹೊರಗೆ ಬಂದು, ಕೈಮುಗಿದು, ಗುಢಿಯನ್ನು ಇಳಿಸಿ ಒಳಗೆ ಒಯ್ದರು. ಗುಢಿಯನ್ನು ಸೂರ್ಯ ಮುಳುಗುವುದರೊಳಗೆ ಇಳಿಸಬೇಕು. ಬೆಳಿಗ್ಗೆ ಏರಿಸುವುದನ್ನಷ್ಟೇ ಹೇಳಿಕೊಟ್ಟಿದ್ದ ಗೋದಾಬಾಯಿ ತಮ್ಮದನ್ನು ಇಳಿಸಿ, ನಮ್ಮದನ್ನೊಮ್ಮೆ ನೋಡಿ, ಬಾಯಿಗೆ ಸೆರಗು ಹಿಡಿದು ಒಳಗೆ ಹೋದರು. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇರುವಾಗಲೇ ಓಣಿಯಲ್ಲಿ ನಮ್ಮ ಗುಢಿಯೊಂದೇ ನಿಂತಿತ್ತು, ಮೊದಲಿಗಿಂತ ಎತ್ತರವಾಗಿ. ಅದನ್ನು ಬಿಚ್ಚೋಣವೆಂದು ಅಣ್ಣ ಏಣಿ ತರಲು ಹಿತ್ತಲಿಗೆ ಹೋದಾಗಲೇ ಟಾಂಗಾ ಬಂದು ನಿಂತಿತು.

ರಂಗೂಬಾಯಿ ಇಳಿದರು, ಗುಢಿಗೆ ಕೈಮುಗಿದರು, ಒಳಗೆ ಬಂದರು. ಹಿಂದೆಯೇ ಮಗ. ಅವನ ತಲೆಯ ಮೇಲೆ ಜರಿಯಂಚಿನ ಭಾರೀ ರುಮಾಲು, ಮುಖದ ಮೇಲೆ ಪರೀಕ್ಷೆಯ ಕೋಣೆಯಲ್ಲಿ ಕಾವಲು ನಿಂತ ಮಾಸ್ತರನ ಕಳೆ. ಕೊರಳು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದ. ಉಪ್ಪಿಟ್ಟು ಹೇಗಿದೆ ಎಂದರೆ "ಹೂಂ." ಪುಣೆ ಹೇಗಿದೆ ಎಂದರೆ "ಹೂಂ." ಅಣ್ಣ ಗಾಬರಿಯಲ್ಲಿ ಒಂದು ನಗೆಚಾಟಿಕೆ ಹೇಳಿದ; ನಾನೂ ನಕ್ಕೆ, ಟಾಂಗಾದವನೂ ಹೊರಗಿನಿಂದ ನಕ್ಕ, ವರ ಮಾತ್ರ ತುಟಿ ಬಿಗಿಹಿಡಿದು ಗೋಡೆ ನೋಡಿದ. ಚಾಪೆಯ ಮೇಲೆ ಕುಳಿತಿದ್ದ ಶಾರದಾ ತಲೆ ಎತ್ತಿ ಅವನನ್ನು ನೇರವಾಗಿ ನೋಡಿದಳು. ಅವಳು ಮನಸ್ಸಿನಲ್ಲಿಯೇ ಬೇಡವೆಂದು ತೀರ್ಮಾನಿಸಿಬಿಟ್ಟಳೆಂದು ನನಗೆ ತಿಳಿಯಿತು. ವೈನಿಗೂ ತಿಳಿಯಿತು.

"ಒಂದು ಹಾಡು ಹೇಳವಾ" ಎಂದರು ರಂಗೂಬಾಯಿ. ಶಾರದಾ ದೇವರ ಹಾಡೊಂದನ್ನು ಎತ್ತಿಕೊಂಡಳು. ಪಲ್ಲವಿ ಮುಗಿಯುತ್ತಲೇ ನಮ್ಮ ಬಚ್ಚಲು ಗುಳ್‌ಗುಳ್ ಎಂದು ಶ್ರುತಿ ಹಿಡಿಯಿತು. ಬೆಳಗಿನಿಂದ ಬಾಯಿ ಕಟ್ಟಿಸಿಕೊಂಡ ಗಟಾರ ಬೇರೆ ದಾರಿ ಹುಡುಕಿಕೊಂಡಿತ್ತು. ಚರಣಕ್ಕೆ ಬಂದಾಗ ಸಪ್ಪಳದ ಜೊತೆ ವಾಸನೆಯೂ ಬಂತು. ವೈನಿ ಊದಿನಕಡ್ಡಿ ಹಚ್ಚಿದಳು. ಮತ್ತೆ ಹಚ್ಚಿದಳು. ಇಡೀ ಕಟ್ಟನ್ನೇ ಹಚ್ಚಿದಳು. ಹಾಡು ಮುಗಿಯುವ ಹೊತ್ತಿಗೆ ಪಡಸಾಲೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

"ಊದಿನಕಡ್ಡಿ ಭಾಳ ಹಚ್ಚೀರಿ" ಎಂದು ಕೆಮ್ಮುತ್ತ, ಗಾಳಿಗಾಗಿ ರಂಗೂಬಾಯಿ ಬಾಗಿಲ ಕಡೆ ಸರಿದರು. ಅಲ್ಲಿಂದ ಅಂಗಳ ಕಂಡಿತು. "ಅಯ್ಯ! ಹೊತ್ತು ಮುಳುಗೇದ, ಗುಢಿ ಇನ್ನೂ ಇಳಿಸಿಲ್ಲಲ್ರೀ?"

"ನಾವು ಸ್ವಲ್ಪ ತಡಾ ಇಳಸ್ತೀವ್ರಿ, ಧಾರವಾಡದ ಕಡೆಯವ್ರು" ಎಂದ ಅಣ್ಣ.

"ಯಾಕ, ಧಾರವಾಡದಾಗ ಸೂರ್ಯಾ ತಡಾ ಮುಳುಗತಾನೇನು?" ಎಂದವರೇ ಮಗನ ಕಡೆ ತಿರುಗಿದರು. "ಏಳೋ, ಇಳಿಸಿಕೊಡು. ಹಬ್ಬದ ದಿನಾ ಹಂಗ ಬಿಡಬಾರದು."

"ಬ್ಯಾಡ್ರಿ, ಬ್ಯಾಡ್ರಿ! ತ್ರಾಸ ತೊಗೋಬ್ಯಾಡ್ರಿ. ಭಾಳ ಭಾರ ಅದ" ಎಂದು ಅಣ್ಣ ಅಡ್ಡ ಬಂದ.

"ಬಿದಿರು ಏನ ಭಾರ್ರೀ?" ಎಂದ ವರ. ಆ ದಿನ ಅವನಾಡಿದ ಮೊದಲ ಪೂರ್ಣ ವಾಕ್ಯ ಅದು.

ಅವನ ತರ್ಕದಲ್ಲಿ ದೋಷವಿರಲಿಲ್ಲ. ಹೊಗೆಯಿದ್ದಲ್ಲಿ ಬೆಂಕಿ ಇರುವಂತೆ ಗುಢಿಯಿದ್ದಲ್ಲಿ ಬಿದಿರಿರುತ್ತದೆ. ಬಿದಿರನ್ನು ಎತ್ತಿದರೆ ಬರುತ್ತದೆ. ಅವನು ಅಂಗಳಕ್ಕಿಳಿದು ಸೀರೆಯ ಮೇಲಿಂದ ಎರಡೂ ಕೈಯಿಂದ ತಬ್ಬಿ ಎತ್ತಿದ. ಬರಲಿಲ್ಲ. ಕಾಲು ಅಗಲಿಸಿ ನಿಂತು ಎತ್ತಿದ. ಬರಲಿಲ್ಲ. ಹಲ್ಲು ಕಚ್ಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಾಡಿಸಿದ. ನಾವೆಲ್ಲ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆವು. ಆಗ ಬಾಗಿಲಲ್ಲಿದ್ದ ಶಾರದಾ ಹೇಳಿದಳು:

"ಅದು ಬರೂದಿಲ್ರೀ. ಗಟಾರದ ಕೊಳವಿ ಅದು."

ವೈನಿ ಕಂಬ ಹಿಡಿದುಕೊಂಡಳು. ವರ ಹಿಡಿದ ಕೈ ಬಿಡದೆ, ಕೊಳವೆಯನ್ನು ತಬ್ಬಿಕೊಂಡೇ ತಲೆಯೆತ್ತಿ ಮೇಲೆ ನೋಡಿದ.

ಇಲ್ಲಿಂದ ಮುಂದೆ ನನ್ನ ನೆನಪು ನಂಬುವಂತಿಲ್ಲ. ಕೊಡ ಬಿತ್ತು, ರುಮಾಲೂ ಬಿತ್ತು. ಯಾವುದು ಮೊದಲೆಂಬುದೇ ಜಗಳ. ವೈನಿಯ ಪ್ರಕಾರ ಕೊಡ ನೇರ ಅವನ ತಲೆಯ ಮೇಲೆ ಬಿತ್ತು. "ರುಮಾಲು ಇತ್ತಂತ ಬದುಕಿದಾ" ಎನ್ನುತ್ತಾಳೆ. ಅಣ್ಣನ ಪ್ರಕಾರ ಕೊಡ ನೆಲಕ್ಕೆ ಬಿತ್ತು, ವರನು ಬೆವರೊರೆಸಲು ರುಮಾಲನ್ನು ತಾನೇ ತೆಗೆದ. ನನ್ನ ಪ್ರಕಾರ ತಲೆಯೆತ್ತಿದ ಕೂಡಲೆ ರುಮಾಲು ಹಿಂದಕ್ಕೆ ಜಾರಿತು, ಆಮೇಲೆ ಕೊಡ ಅವನ ಭುಜ ಸವರಿ ಕಲ್ಲಿನ ಮೇಲೆ ಠಣ್ಣೆಂದಿತು. ಏನಿದ್ದರೂ, ಸಂಜೆಯ ಬೆಳಕಿನಲ್ಲಿ ಆ ತಲೆ ಮಾತ್ರ ಎಲ್ಲರಿಗೂ ಕಂಡಿತು. ಒಂದೇ ಒಂದು ಕೂದಲಿಲ್ಲದೆ, ಹುಣಿಸೆಹಣ್ಣು ಹಚ್ಚಿ ಬೆಳಗಿದ್ದ ಕೊಡಕ್ಕಿಂತ ಚೆನ್ನಾಗಿ ಹೊಳೆಯುತ್ತಿತ್ತು. ಬಾಯಿ ತೆರೆದ ಕೊಳವೆ ಇಡೀ ದಿನದ ನಿಟ್ಟುಸಿರನ್ನು ಒಮ್ಮೆಲೆ ಬಿಟ್ಟಿತು. ಒಳಗೆ ಬಚ್ಚಲು ಸುಮ್ಮನಾಯಿತು.

ಆಗ ಗಣಿತದ ಮಾಸ್ತರ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಕೊನೆಗೆ ಕೊಳವೆಗೆ ಆತುಕೊಂಡು, ಸೀರೆಯ ಸೆರಗಿನಿಂದಲೇ ಕಣ್ಣೊರೆಸಿಕೊಳ್ಳುತ್ತ ನಕ್ಕ.

"ನಗಬ್ಯಾಡಾ ಅಂತ ನಾ ಬಡಕೊಂಡೆ!" ಎಂದರು ರಂಗೂಬಾಯಿ ಕಟ್ಟೆಯ ಮೇಲಿಂದ. "ನಕ್ಕರ ರುಮಾಲು ಜಾರತದ ಅಂತ ಹೇಳಿದ್ದಿಲ್ಲಾ?" ಎಂದವರು, ಆಡಿದ ಮಾತು ತಮಗೇ ಕೇಳಿಸಿ, ನಿಂತರು. ವೈನಿ ಅವರನ್ನು ನೋಡಿದಳು. ಅವರು ವೈನಿಯನ್ನು ನೋಡಿದರು. ರಂಗೂಬಾಯಿ ನಿಧಾನವಾಗಿ ಕಟ್ಟೆಯ ಮೇಲೆ ಕುಳಿತರು.

"ಇನ್ನೇನರ ಮುಚ್ಚಿದ್ದು ಅದ ಏನ್ರಿ ನಿಮ್ಮ ಮನ್ಯಾಗ?"

"ಬಚ್ಚಲದಾಗ ಒಂದು ಸಪ್ಪಳಾ ಇತ್ತರೀ" ಎಂದಳು ವೈನಿ ಅಳು ಬರುವ ದನಿಯಲ್ಲಿ. "ಅದೂ ಈಗ ನಿಂತತು."

"ಮತ್ತ ಚಹಾ ಇಡ್ರಿ. ಈಗ ಆರಾಮ ಕುಡಿಯೂಣು."

ಅಡಿಗೆಮನೆಯಲ್ಲಿ ವೈನಿ ಶಾರದಾಳನ್ನು ಬಹಳ ಅಂಜುತ್ತ ಕೇಳಿದಳಂತೆ: "ತಲೀ ನೋಡಿದ್ಯಲ್ಲ. ಏನಂತೀ?"

"ನಗತಾರಲ್ಲ" ಎಂದಳಂತೆ ಶಾರದಾ, ಸಕ್ಕರೆ ಡಬ್ಬಿ ಇಳಿಸುತ್ತ.

ಜ್ಯೇಷ್ಠದಲ್ಲಿ ಮದುವೆಯಾಯಿತು. ಕೊಳವೆಗೆ ಮತ್ತೆ ಯಾರೂ ಬಟ್ಟೆ ತೊಡಿಸಲಿಲ್ಲ. ವೈನಿ ಅದರ ಬುಡದ ಸುತ್ತ ರಂಗೋಲಿ ಹಾಕಲು ಶುರುಮಾಡಿದಳು, ಮನೆಯವರಲ್ಲೊಬ್ಬರ ಊಟದ ಎಲೆಯ ಸುತ್ತ ಹಾಕುವ ಹಾಗೆ.

ಕೊಡದ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಕೊಡವನ್ನು ವೈನಿ ಶಾರದಾಳಿಗೆ ಬಳುವಳಿಯಾಗಿ ಕೊಟ್ಟಿದ್ದಳು. ಹೋದ ವರ್ಷ ಬೆಳಗಾವಿಗೆ ಹೋದಾಗ ಅದನ್ನು ಕೇಳಿ ತರಿಸಿ ನೋಡಿದೆ. ಹೊಟ್ಟೆಯ ಒಂದು ಕಡೆ ನೆಗ್ಗಿದೆ. ಮಾಸ್ತರರನ್ನು, ಅಂದರೆ ಈಗ ಶಾರದಾಳ ಯಜಮಾನರನ್ನು, ಕೂಡಿಸಿ ಆ ನೆಗ್ಗನ್ನು ತಲೆಗೆ ತಾಗಿಸಿ ನೋಡಿದೆ. ಚೆನ್ನಾಗಿ ಕೂತಿತು. ಆದರೆ ನನ್ನ ತಲೆಗೂ ಕೂತಿತು. ನೆರೆಮನೆಯವರ ತಲೆಗೂ ಕೂತಿತು. ಬಿತ್ತೇ ಎಂದು ಅವರನ್ನೇ ಕೇಳಿದರೆ, "ನೆನಪಿಲ್ರೀ" ಎನ್ನುತ್ತಾರೆ. ತಲೆಯ ಮೇಲೆ ಕೊಡ ಬಿದ್ದವನು ಹೇಳುವುದೂ ಇದನ್ನೇ, ಬೀಳದವನು ಹೇಳುವುದೂ ಇದನ್ನೇ. ಶಾರದಾಳನ್ನು ಕೇಳಿದೆ. "ಮೊದಲು ನಾ ನಕ್ಕೆ. ಉಳಿದದ್ದೆಲ್ಲಾ ಆಮ್ಯಾಲ ಬಿತ್ತು" ಎಂದಳು. ಅವಳು ನಕ್ಕದ್ದು ನನ್ನ ನೆನಪಿನಲ್ಲಿಯೇ ಇರಲಿಲ್ಲ.

ಬೇಸರವಾಗಿ ಅಂಗಳಕ್ಕೆ ಬಂದೆ. ಅವರ ಮನೆಯ ಮುಂದೆಯೂ, ಬಾಗಿಲಿಗೆ ನೇರವಾಗಿ, ನೀರಿನ ದಪ್ಪ ಕೊಳವೆಯೊಂದು ನೆಲದಿಂದೆದ್ದು ಗೋಡೆಯೊಳಗೆ ಹೋಗುತ್ತದೆ. ಬಳ್ಳಿಯಿಲ್ಲ, ತಟ್ಟಿಯಿಲ್ಲ, ಬಣ್ಣವೂ ಇಲ್ಲ. ಅದು ಮೊಣಕೈಯಂತೆ ಬಾಗಿದಲ್ಲಿ ಸೋರುತ್ತದೆಂದು ಮಾಸ್ತರರು ಅಂದಿನ ಆ ರುಮಾಲನ್ನು ಅಲ್ಲಿಗೆ ಸುತ್ತಿಬಿಟ್ಟಿದ್ದಾರೆ. ಜರಿ ಇನ್ನೂ ಮಾಸಿಲ್ಲ. ಬಗ್ಗಿ ಮುಟ್ಟಿ ನೋಡಿದೆ. ಒದ್ದೆಯಾಗಿತ್ತು. ಅಷ್ಟು ಮಾತ್ರ ಖಚಿತ.